ಅಕ್ಕಗಳ ಕಣದಲ್ಲಿ ಕೂತವರು

ಅವರ ಮನೆಯ ಪಡಸಾಲೆಯಲ್ಲಿ ಹಾರ ಹಾಕಿಟ್ಟಿದ್ದ ಫೋಟೋ ನೋಡಿದಾಗ, ತಪ್ಪಿ ಬೇರೆ ಯಾರ ಮನೆಗೋ ಬಂದೆನೇನೋ ಅನ್ನಿಸಿತು. ಫೋಟೋದಲ್ಲಿ ಅವರು ಬಾಯಿ ಮುಚ್ಚಿಕೊಂಡಿದ್ದರು. ನಾಯಕನಹಟ್ಟಿಯಲ್ಲಿ ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಷ್ಟು ವರ್ಷ ನಾನು ಅವರನ್ನು ಆ ಸ್ಥಿತಿಯಲ್ಲಿ ಕಂಡಿದ್ದೇ ಕಡಿಮೆ. ಬಂದವರೆಲ್ಲ ಸತ್ತವರ ಬಗ್ಗೆ ಆಡುವ ಒಳ್ಳೆಯ ಮಾತುಗಳನ್ನೇ ಆಡುತ್ತಿದ್ದರು. ಬಹಳ ಶಾಂತ ಸ್ವಭಾವ ಅಂದರು ಒಬ್ಬರು. ನಾನೂ ಸುಮ್ಮನೆ ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ಅದು ತಡೆಯಲಾರದಷ್ಟು ಸಿಟ್ಟು ತರಿಸಿತು. ಶಾಂತ ಸ್ವಭಾವ ಅಂತೆ.

ಅವರು ಸರ್ಕಾರಿ ಆರೋಗ್ಯ ಉಪಕೇಂದ್ರದ ನರ್ಸ್. ವರವು ಕಾವಲು ಅನ್ನುವ ದೊಡ್ಡ ಹುಲ್ಲುಗಾವಲಿನ ಅಂಚಿಗಿರುವ ಕುರಿಯವರ ಹಟ್ಟಿಗಳೆಲ್ಲ ಅವರ ಪಾಲಿಗೆ. ಅಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದಿದ್ದು ನಾನು ಕೇಳಿಲ್ಲ, ನರ್ಸಮ್ಮ ಅಂದರೆ ಅವರೊಬ್ಬರೇ. ಹಾಗಾಗಿ ನಾನೂ ಹೆಸರು ಬರೆಯುವುದಿಲ್ಲ, ನನ್ನ ಬಾಯಲ್ಲಿ ಅವರು ಸಿಸ್ಟರ್. ನಾನು ಅದೇ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರ ಸ್ಕೂಟಿ ಕೆಟ್ಟಾಗಲೆಲ್ಲ ನನ್ನ ಬೈಕು ಅವರದಾಗುತ್ತಿತ್ತು. ಸ್ಕೂಟಿ ಕೆಡುವುದರಲ್ಲಿ ಬಹಳ ಶಿಸ್ತಿನದು.

ಬೈಗುಳದಲ್ಲಿ ಅವರಿಗೆ ಬಡವ ಬಲ್ಲಿದ ಅನ್ನುವ ಭೇದ ಇರಲಿಲ್ಲ. ತುಂಬು ಬಸುರಿಯನ್ನು ನಡೆಸಿಕೊಂಡು ಬಂದ ಗಂಡನೊಬ್ಬನಿಗೆ ಬಸ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ ಹೇಳಿದ್ದರು: "ಲೇ, ಕುರಿಮರಿಗೆ ಕಾಲು ನೋವಾದ್ರೆ ಹೆಗಲ ಮ್ಯಾಲೆ ಹೊತ್ಕಂಡು ಬರ್ತೀಯ. ಇವಳಿಗೆ ಮಾತ್ರ ನಡಿ ಅಂತೀಯಾ?" ಅವನು ಅಲ್ಲೇ ಆಟೋ ಹುಡುಕಲು ಓಡಿದ. ಹೆರಿಗೆ ಆದ ಮೇಲೆ ಹೊರಗೆ ಕಾದವರು "ಏನಾತವ್ವ?" ಅಂತ ಕೇಳಿದರೆ ಅವರು ಹೇಳುತ್ತಿದ್ದುದು ಒಂದೇ ಮಾತು. "ಅಳ್ತು." ಗಂಡೋ ಹೆಣ್ಣೋ ಅಂದರೆ, "ಅಳು ಕೇಳೋದು ನನ್ನ ಕೆಲಸ. ಉಳಿದದ್ದು ಒಳಗೋಗಿ ನೀವೇ ನೋಡ್ಕಳ್ರಿ" ಅನ್ನುತ್ತಿದ್ದರು. ಊಟ ಮಾತ್ರ ನಿಂತೇ ಮಾಡುತ್ತಿದ್ದರು. ಕೂತು ಉಂಡರೆ ಯಾರೋ ಕರೆಯಲು ಬರುತ್ತಾರೆ ಅನ್ನುವುದು ಅವರ ಲೆಕ್ಕಾಚಾರ. ನಿಂತು ಉಂಡಾಗಲೂ ಬರುತ್ತಿದ್ದರು, ಅದು ಬೇರೆ ಮಾತು.

ಇಷ್ಟು ಗಟ್ಟಿಗಿತ್ತಿಗೆ ಒಂದು ಭಯವಿತ್ತು. ಅದು ಅಕ್ಕಗಳ ಕಣ.

ಸರ್ಕಾರದ ಸಂಸ್ಥೆಗಳು ಕಾವಲಿಗೆ ಗೋಡೆ ಹಾಕಿದ ಮೇಲೆ ಹೊರಗೆ ಉಳಿದಿರುವ ಹುಲ್ಲಿನಲ್ಲಿ ಇವನ್ನು ಈಗಲೂ ನೋಡಬಹುದು. ಒಳ್ಳೆ ಮಳೆ ಬಿದ್ದು ಒಂದೆರಡು ದಿನ ಬಿಸಿಲು ಕಾದರೆ, ಹುಲ್ಲಿನ ನಡುವೆ ಬಿಳಿ ಅಣಬೆಗಳು ದುಂಡಗೆ ಸಾಲುಗಟ್ಟಿ ಏಳುತ್ತವೆ. ಯಾರೋ ಹಗ್ಗ ಹಿಡಿದು ಗೆರೆ ಎಳೆದು ನೆಟ್ಟ ಹಾಗೆ. ಅಳತೆಯಲ್ಲಿ ರಾಗಿ ಒಕ್ಕುವ ಕಣದಷ್ಟು. ಅಣಬೆ ಇಲ್ಲದ ದಿನಗಳಲ್ಲೂ ಆ ಜಾಗ ಗೊತ್ತಾಗುತ್ತದೆ, ಸುತ್ತಿನ ಮೇಲಿನ ಹುಲ್ಲು ಕಡು ಹಸಿರು, ಒಳಗಿನದು ಬಡಕಲು. ಏಳು ಜನ ಅಕ್ಕಗಳು ಇಳಿದು ಬಂದು ಕೈ ಕೈ ಹಿಡಿದು ಕುಣಿಯುತ್ತಾರೆ, ಅವರ ಹೆಜ್ಜೆ ಬಿದ್ದಲ್ಲಿ ಅಣಬೆ ಏಳುತ್ತದೆ ಅನ್ನುತ್ತಾರೆ ಹಟ್ಟಿಯವರು. ಆ ಅಣಬೆಯನ್ನು ಯಾರೂ ತಿನ್ನುವುದಿಲ್ಲ, ಸುತ್ತಿನೊಳಗೆ ಕಾಲಿಡುವುದಿಲ್ಲ.

ನನಗೆ ಇದು ಪಾಠ ಮಾಡಲು ಹೇಳಿ ಮಾಡಿಸಿದ ವಿಷಯ. ಮಣ್ಣಿನೊಳಗೆ ಶಿಲೀಂಧ್ರದ ಎಳೆಗಳು ಒಂದು ಕಡೆ ಹುಟ್ಟಿ ಸುತ್ತಲೂ ಒಂದೇ ಸಮ ಹರಡುತ್ತವೆ. ನಡುವೆ ಉಣ್ಣಲು ಏನೂ ಉಳಿಯದೆ ಹಳೆಯ ಎಳೆಗಳು ಸಾಯುತ್ತವೆ, ಅಂಚಿನವು ಬದುಕುತ್ತವೆ. ಅಂಚಿನಲ್ಲಿ ಕೊಳೆತದ್ದೇ ಹುಲ್ಲಿಗೆ ಗೊಬ್ಬರ. ಅಂಚು ಹೊರಕ್ಕೆ ಸರಿದಂತೆ ವರ್ಷ ವರ್ಷ ಈ ಸುತ್ತು ದೊಡ್ಡದಾಗುತ್ತದೆ. ಇಂಗ್ಲೆಂಡಿನ ಹಳ್ಳಿಯವರು ಇದನ್ನು ಯಕ್ಷಿಣಿಯರು ಕುಣಿದ ಜಾಗ ಅಂದರು, ಜರ್ಮನಿಯವರು ಮಾಟಗಾತಿಯರದು ಅಂದರು, ಡಚ್ಚರು ದೆವ್ವ ತನ್ನ ಹಾಲಿನ ಪಾತ್ರೆ ಇಟ್ಟ ಗುರುತು ಅಂದರು. ಒಬ್ಬರನ್ನೊಬ್ಬರು ನೋಡದ ಜನ ಎಲ್ಲರೂ ಒಂದೇ ಮಾತು ಹೇಳಿದ್ದಾರೆ: ಒಳಗೆ ಹೋಗಬೇಡ. ಇದನ್ನೆಲ್ಲ ನಾನು ಸಿಸ್ಟರ್‌ಗೆ ಬೈಕಿನ ಮೇಲೆ ಕೂರಿಸಿಕೊಂಡೇ ಹೇಳಿದ್ದೆ. ಅವರು ಪೂರ್ತಿ ಕೇಳಿ, "ಗೊತ್ತಾತು ಮೇಷ್ಟ್ರೇ. ಈಗ ಗಾಡಿ ಆ ಕಡೆ ಬಳಸ್ಕಂಡು ಹೊಡೀರಿ" ಅಂದರು. ಕಣ ಇನ್ನೂ ಎಷ್ಟೋ ದೂರದಲ್ಲಿತ್ತು.

"ನರ್ಸಿಂಗ್ ಓದಿದೋರು ನೀವು. ಇದನ್ನ ನಂಬ್ತೀರಾ?"

"ನಂಬಲ್ಲ ಕಣ್ರಿ. ಹೆದರ್ತೀನಿ. ಎರಡೂ ಒಂದೇ ಏನು?"

ಅವರು ಅಂಥದೇ ಒಂದು ಹಟ್ಟಿಯಲ್ಲಿ ಹುಟ್ಟಿದವರು. ಆ ಮಾತಿಗೆ ನಾನು ಜೋರಾಗಿ ನಕ್ಕಿದ್ದೆ.

ಮುಂದೆ ಹೇಳುವುದು ಒಂದು ಭಾನುವಾರದ್ದು. ಮೂರು ದಿನದ ಹಿಂದೆ ಮಳೆ ಚೆನ್ನಾಗಿ ಬಿದ್ದಿತ್ತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸಿಸ್ಟರ್ ನನ್ನ ಬಾಗಿಲನ್ನು ಕೈಯಲ್ಲಲ್ಲ, ಛತ್ರಿಯ ಹಿಡಿಯಲ್ಲಿ ಬಡಿದರು. ಕಾವಲಿನ ಅಂಚಿನ ಹಟ್ಟಿಯ ಒಬ್ಬ ಹುಡುಗಿಯ ಗಂಡ ಡಾಂಬರು ರಸ್ತೆಗೆ ಓಡಿಬಂದು ಫೋನ್ ಮಾಡಿದ್ದ. ಚೊಚ್ಚಲ ಬಾಣಂತಿ, ಹೆರಿಗೆಯಾಗಿ ಎರಡು ವಾರ ಆಗಿಲ್ಲ. ಅಲ್ಲಿನ ಪದ್ಧತಿಯಂತೆ ಕೂಸಿನ ಜೊತೆ ಹಟ್ಟಿಯ ಹೊರಗಿನ ಗುಡಿಸಲಲ್ಲಿದ್ದಳು. ಮೊನ್ನೆ ನೀರಿಗೆ ಹೋದವಳು ಮಂಜಿನಲ್ಲಿ ಕಾಣದೆ ಕಣವನ್ನು ತುಳಿದು ದಾಟಿದಳಂತೆ. ಅವತ್ತಿನಿಂದ ಕೂಸು ಮೊಲೆ ಹಿಡಿಯುತ್ತಿಲ್ಲ, ಅಳು ನಿಲ್ಲಿಸುತ್ತಿಲ್ಲ. ಈ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗಿ ಕಣದ ನಡುವೆ ಕೂರಿಸಿದ್ದಾರೆ. ಅವಳಿಗೆ ರಕ್ತ ನಿಲ್ಲದೆ ಹೋಗುತ್ತಿದೆ ಅಂತ ಗಂಡನಿಗೆ ಈಗ ಗೊತ್ತಾಗಿದೆ. ಅವಳು ಏಳುತ್ತಿಲ್ಲ.

ನೂರಾ ಎಂಟಕ್ಕೆ ಫೋನ್ ಮಾಡಿ ನನ್ನ ಬೈಕು ಹತ್ತಿದರು. ದಾರಿಯುದ್ದಕ್ಕೂ ಮಾತಿಲ್ಲ. ಅವರ ಬೈಗುಳ ಕೇಳಿ ರೋಸಿಹೋಗಿದ್ದ ನನಗೆ ಅವರ ಮೌನ ಅದಕ್ಕಿಂತ ಕೆಟ್ಟದಾಗಿ ಕಂಡಿತು. ಡಾಂಬರು ರಸ್ತೆ ಬಿಟ್ಟು ಕಾವಲಿಗೆ ಇಳಿಯುವಾಗ ಕೇಳಿದೆ, ಅವಳು ಎಲ್ಲಿಯತನಕ ಕೂರಬೇಕು?

"ಅಣಬೆ ಬಾಡಿ ತಲೆ ಬಾಗಿಸೋ ತನಕ. ತುಳಿದೋರು ಕೂತು ತಪ್ಪೊಪ್ಕಬೇಕು. ನಡುವೆ ಎದ್ರೆ ಅಕ್ಕಗಳು ಕೂಸನ್ನ ತಗೊಂಡು ಹೋಗ್ತಾರೆ ಅಂತಾರೆ."

ಅಣಬೆಗಳು ಅವತ್ತೇ ಎದ್ದಿದ್ದವು. ಬಾಡಲು ಇನ್ನೂ ಒಂದು ದಿನ ಬೇಕಿತ್ತು.

ಹಟ್ಟಿಯ ಹೆಂಗಸರು ಕಣದಿಂದ ಒಂದಿಷ್ಟು ದೂರ ಬಿಟ್ಟು ನಿಂತಿದ್ದರು, ಗಂಡಸರು ಅವರ ಹಿಂದೆ. ನಡುವೆ ಆ ಹುಡುಗಿ ಕಾಲು ಮಡಿಚಿ ಕೂತಿದ್ದಳು. ತಲೆ ಎದೆಗೆ ಜೋತು ಬೀಳುತ್ತಿತ್ತು, ಮತ್ತೆ ಎತ್ತುತ್ತಿದ್ದಳು. ಅವಳ ಅತ್ತೆ ಹೊರಗೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸಿನ ಅಳು ಬತ್ತಿಹೋಗಿ ಕೀಚಲು ಸದ್ದು ಮಾತ್ರ ಉಳಿದಿತ್ತು. ಸಿಸ್ಟರ್ ಅಣಬೆಯ ಸಾಲಿನ ತನಕ ಹೋಗಿ ನಿಂತುಬಿಟ್ಟರು. ಚಪ್ಪಲಿಯ ತುದಿಗೂ ಅಣಬೆಗೂ ಗೇಣು ಜಾಗವೂ ಇರಲಿಲ್ಲ.

"ಕೈ ತೋರ್ಸವ್ವ ಇಲ್ಲಿ. ಅಂಗೈ. ಕಣ್ಣಿನ ಕೆಳಗೆ ಎಳಿ, ಹಂಗೆ."

ಅಷ್ಟು ದೂರದಿಂದ ನನಗೇ ಕಾಣುತ್ತಿತ್ತು. ಅಂಗೈ ಸುಣ್ಣ ಬಳಿದ ಹಾಗಿತ್ತು. ಅವಳು ಕೂತಿದ್ದ ಕಡೆ ಸೀರೆಯ ಅಂಚು ನೆನೆದು ಕಪ್ಪಾಗಿತ್ತು. ಸಿಸ್ಟರ್ ನನ್ನ ಕಡೆ ತಿರುಗಿ, "ಬಹಳ ಹೊತ್ತಿಲ್ಲ ಮೇಷ್ಟ್ರೇ" ಅಂದರು.

ನನಗೆ ತಡೆಯಲಾಗಲಿಲ್ಲ. ಇದು ಬರೀ ಬೂಷ್ಟು, ಹಳೇ ರೊಟ್ಟಿ ಮೇಲೆ ಬರುತ್ತಲ್ಲ ಅದರ ಜಾತಿಯದು, ಇದರಲ್ಲಿ ಅಕ್ಕನೂ ಇಲ್ಲ ತಂಗಿಯೂ ಇಲ್ಲ ಅಂತ ಕೂಗಾಡಿದೆ. ಎರಡು ಅಣಬೆ ಕಿತ್ತು ಎತ್ತಿ ತೋರಿಸಿದೆ. ಹೆಂಗಸರು ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಸರಿದರು. ಗಂಡಸರಲ್ಲಿ ಇಬ್ಬರು ಮುಂದಕ್ಕೆ ಬಂದರು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಈಗಲೂ ಇಲ್ಲ ಅನ್ನುತ್ತೇನೆ. ಆದರೆ ಮಾತಾಡಿದ್ದು ಆ ಹುಡುಗಿ.

"ಸಾರ್, ನೀವು ಸುಮ್ಕಿರ್ರಿ. ನಂಗೇನಾದ್ರೂ ಆಗ್ಲಿ. ನಾನೆದ್ರೆ ಕೂಸಿಗೆ ಬರ್ತೈತೆ."

ಅವಳ ಗಂಡ ಅಳುತ್ತಿದ್ದ. ಎತ್ತಿಕೊಂಡು ಬಾರೋ ಅಂದೆ. "ಹತ್ರ ಬಂದ್ರೆ ತಲೆ ನೆಲಕ್ಕೆ ಚಚ್ಕಂತಾಳೆ ಸಾರ್. ಒಂದ್ಸಲ ಚಚ್ಕಂಡ್ಳು," ಅಂದ. ಅವಳ ಹಣೆಯ ಮೇಲಿನ ಮಣ್ಣನ್ನು ನಾನು ಆಗ ನೋಡಿದೆ.

ಸಿಸ್ಟರ್ ನನ್ನನ್ನು ಪಕ್ಕಕ್ಕೆ ತಳ್ಳಿ ಅತ್ತೆಯ ಮುಂದೆ ಹೋಗಿ ನಿಂತರು. ಆ ಹೆಂಗಸು ಮೊಳಕಾಲ್ಮುರಿನ ಆಚೆ, ಆಂಧ್ರದ ಗಡಿ ಕಡೆಯವಳು. ಒಣಗಿದ ಮೈ, ಕಡ್ಡಿ ತುಂಡು ಮಾಡಿದ ಹಾಗೆ ಮಾತು, ಅದರಲ್ಲಿ ತೆಲುಗು ಬೆರಕೆ, ತಾಯಿ ಅನ್ನಲು ತಲ್ಲಿ ಅನ್ನುವಳು.

"ನಿಮ್ಮಲ್ಲಿ ಬದಲಿ ಕೂರೋದು ಐತಲ್ಲ?" ಅಂತ ಕೇಳಿದರು ಸಿಸ್ಟರ್.

"ಐತೆ. ನಾನು ಕೂತ್ರೆ ಆಗಲ್ಲ, ಮನೆ ಒಂದೇ. ಬ್ಯಾರೆ ಮನೆಯೋರು ಕೂರ್ಬೇಕು. ಆ ದೋಷ ಕೂತೋರ ಮನೆ ಕೂಸಿನ ಮ್ಯಾಲೆ ಹೋಗ್ತೈತೆ. ಯಾರು ಕೂರ್ತಾರೆ ತಲ್ಲಿ? ಕೇಳು."

ಸಿಸ್ಟರ್ ಕೇಳಲಿಲ್ಲ. ಹೆಂಗಸರ ಮುಖಗಳನ್ನು ಒಂದು ಸುತ್ತು ನೋಡಿದರು. ಒಬ್ಬಳ ಸೊಂಟದಲ್ಲಿ ಕೂಸು, ಒಬ್ಬಳ ಸೆರಗು ಹಿಡಿದು ಮಗು, ಇನ್ನೊಬ್ಬಳಿಗೆ ಬಸುರು. ಯಾರೂ ಕಣ್ಣಿಗೆ ಕಣ್ಣು ಕೊಡಲಿಲ್ಲ. ಸಿಸ್ಟರ್‌ಗೆ ಒಬ್ಬಳೇ ಮಗಳು. ಮೊಳಕಾಲ್ಮುರಿಗೆ, ರೇಷ್ಮೆ ಸೀರೆ ನೇಯುವವರ ಮನೆಗೆ ಕೊಟ್ಟಿದ್ದರು. ಎರಡು ಸಲ ಹೊಟ್ಟೆಯಲ್ಲೇ ಹೋಗಿ ಈಗ ಮೂರನೆಯದು ಏಳು ತಿಂಗಳಿಗೆ ಮುಟ್ಟಿತ್ತು. ಇದು ನನಗೆ ಗೊತ್ತಿತ್ತು. ಹಟ್ಟಿಯವರಿಗೆ ಗೊತ್ತಿರಲಿಲ್ಲ.

"ಸಿಸ್ಟರ್, ಬ್ಯಾಡ," ಅಂದೆ. ಇದು ಬರೀ ಬೂಷ್ಟು ಅಂತ ಈಗಷ್ಟೇ ಕೂಗಿದ ನಾನೇ ಹಾಗಂದೆ.

ಅವರು ಚಪ್ಪಲಿ ಬಿಟ್ಟರು. ಅಣಬೆ ತುಳಿಯದ ಹಾಗೆ ಸೀರೆ ಎತ್ತಿ ದಾಟಿ ಒಳಗೆ ಹೋದರು. ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನಾಡಿ ಹಿಡಿದು ನೋಡಿ, ಆಮೇಲೆ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ನೆಲಕ್ಕೆ ಕೂತರು.

"ನಾನು ಕೂತೀನಿ ಕಣವ್ವ. ನಿನ್ನ ಪಾಲಿಂದು ನಂಗೆ ಬಂತು. ಈಗ ಏಳು. ಎದ್ದು ಹೋಗಿ ಕೂಸಿಗೆ ಹಾಲು ಕೊಡು."

ಹುಡುಗಿ ಅತ್ತೆಯ ಕಡೆ ನೋಡಿದಳು. ಅತ್ತೆ ಹೂಂ ಅಂತ ತಲೆ ಆಡಿಸಿದಳು. ಆಗ ಹುಡುಗಿ ಎದ್ದಳು. ಎರಡು ಹೆಜ್ಜೆ ಹಾಕಿ ಗಂಡನ ತೋಳಿಗೆ ಬಿದ್ದಳು.

ಆಂಬುಲೆನ್ಸು ಕೆಸರಿಗೆ ಹೆದರಿ ಡಾಂಬರಿನ ಮೇಲೇ ನಿಂತಿತ್ತು. ಕರೀ ಕಂಬಳಿ ಹಾಸಿ, ಅವಳನ್ನು ಮಲಗಿಸಿ, ನಾಲ್ಕು ಗಂಡಸರು ಮೂಲೆ ಹಿಡಿದು ಓಡಿದರು. ಹಿಂದಿನಿಂದ ಸಿಸ್ಟರ್ ಕೂತಲ್ಲೇ ಕೂಗುತ್ತಿದ್ದರು. "ಕಾಲು ಮ್ಯಾಲೆ ಮಾಡ್ರಲೇ, ತಲೆ ಅಲ್ಲ. ಮೇಷ್ಟ್ರೇ, ಚಳ್ಳಕೆರೆಗೇ ಹೋಗಕ್ಕೆ ಹೇಳ್ರಿ, ನಡುವೆ ಎಲ್ಲೂ ನಿಲ್ಲಿಸಬ್ಯಾಡ್ರಿ. ಕೂಸನ್ನ ಅವಳ ಮೈಗೆ ಅಂಟಿಸ್ರಿ. ರಕ್ತ ಬೇಕಾಗ್ತೈತೆ ಅಂತ ಮೊದ್ಲೇ ಫೋನ್ ಹಾಕ್ಸಿ." ಅವಳ ಜೊತೆ ಗಾಡಿಯಲ್ಲಿ ಹೋಗಬೇಕಾದವರು ಅವರು. ಅಲ್ಲಿ ಅಣಬೆಗಳ ನಡುವೆ ಬಿಸಿಲಿಗೆ ಕೂತಿದ್ದರು.

ನಾನು ಬೈಕಿನಲ್ಲಿ ಆಂಬುಲೆನ್ಸಿನ ಹಿಂದೆಯೇ ಹೋದೆ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಕಳೆದ ಆ ಹೊತ್ತನ್ನು ನಾನು ವಿವರಿಸಲಾರೆ. ಒಳಗೆ ಅವಳು, ಬಾಗಿಲ ಹೊರಗೆ ನೆಲದ ಮೇಲೆ ಅವಳ ಗಂಡ, ಕೂಸು ಯಾರೋ ಒಬ್ಬ ಆಯಾಳ ಕೈಯಲ್ಲಿ. ಗರ್ಭಚೀಲದಲ್ಲಿ ಮಾಸಿನ ಚೂರು ಉಳಿದಿತ್ತು, ಅದಕ್ಕೇ ರಕ್ತ, ಅದಕ್ಕೇ ಜ್ವರ, ಅದಕ್ಕೇ ಹಾಲು ಇಲ್ಲ, ಹಾಲಿಲ್ಲದ್ದಕ್ಕೇ ಕೂಸಿನ ಅಳು ಅಂದರು ಡಾಕ್ಟರಮ್ಮ. ಕೂಸಿಗೆ ಹಸಿವು ಬಿಟ್ಟರೆ ಬೇರೇನೂ ಇರಲಿಲ್ಲ, ಆಸ್ಪತ್ರೆಯವರು ಕೊಟ್ಟ ಹಾಲು ಕುಡಿದು ಮಲಗಿತು. ಸಿಸ್ಟರ್‌ಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಕಾವಲಿನೊಳಗೆ ಸಿಗ್ನಲ್ ಹಿಡಿಯುವುದಿಲ್ಲ ಅಂತ ಗೊತ್ತಿದ್ದೂ ಮಾಡಿದೆ. ಮಧ್ಯಾಹ್ನ ಇಳಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು, ಇನ್ನು ಪರವಾಗಿಲ್ಲ ಅಂದರು. ಗಂಡನನ್ನು ಅಲ್ಲೇ ಬಿಟ್ಟು ಬೈಕು ಹತ್ತಿದೆ.

ಸಿಸ್ಟರ್ ಬಿಟ್ಟ ಜಾಗದಲ್ಲೇ ಕೂತಿದ್ದರು. ಬಿಸಿಲಿಗೆ ಮುಖ ಕೆಂಪೇರಿತ್ತು, ಸೆರಗನ್ನು ತಲೆಗೆ ಹೊದ್ದಿದ್ದರು. ಕೈಯಲ್ಲಿ ಫೋನ್ ಹಿಡಿದುಕೊಂಡಿದ್ದರು. ಹೆಂಗಸರು ಮೊದಲಿನಷ್ಟೇ ದೂರದಲ್ಲಿ ನೆಲಕ್ಕೆ ಕೂತಿದ್ದರು. ಯಾರೂ ಮನೆಗೆ ಹೋಗಿರಲಿಲ್ಲ. ಯಾರೋ ಸಾಲಿನ ಆಚೆಯಿಂದ ನೀರಿನ ಚೊಂಬು ಉರುಳಿಸಿದ್ದರು, ಅದು ಅರ್ಧ ಚೆಲ್ಲಿ ಅವರ ಕಾಲ ಬಳಿ ಬಿದ್ದಿತ್ತು.

"ಉಳಿದ್ಲು," ಅಂದೆ. "ಕೂಸು ಹಾಲು ಕುಡೀತು."

ಹೆಂಗಸರು ಒಟ್ಟಿಗೆ ಅತ್ತರು. ಸಿಸ್ಟರ್ ಕಣ್ಣು ಮುಚ್ಚಿ ತೆರೆದರು, ಅಷ್ಟೇ.

"ಏಳ್ರಿ ಸಿಸ್ಟರ್. ಇನ್ಯಾಕೆ?"

"ಏಳಕ್ಕಾಗಲ್ಲ ಮೇಷ್ಟ್ರೇ. ಅಣಬೆ ನೋಡ್ರಿ."

ಒಂದೂ ಬಾಗಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಅಂತಲೇ ತಿಳಿಯದೆ ಅತ್ತೆಯ ಕಡೆ ತಿರುಗಿ ಹೇಳಿಬಿಟ್ಟೆ. "ಇವರ ಮಗಳು ಏಳು ತಿಂಗಳ ಬಸುರಿ ಕಣಮ್ಮ. ಎರಡು ಕಳ್ಕಂಡಿದಾಳೆ. ಇದು ಮೂರನೇದು. ಗೊತ್ತಾ ನಿಮಗೆ? ನಿಮ್ಮ ಮನೇದನ್ನ ಅದರ ಮೇಲೆ ಹಾಕ್ಕಂಡು ಕೂತಿದಾರೆ."

"ಮೇಷ್ಟ್ರೇ, ಬಾಯಿ ಮುಚ್ರಿ," ಅಂದರು ಸಿಸ್ಟರ್. ಬಹಳ ಹೊತ್ತಿನ ಮೇಲೆ ಅವರ ಎಂದಿನ ದನಿ ಕೇಳಿತು.

ಅತ್ತೆ ಸಿಸ್ಟರ್ ಮುಖವನ್ನು ನೋಡುತ್ತ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಣಬೆ ದಾಟಿ ಒಳಗೆ ಬಂದಳು. ಹೆಂಗಸರಲ್ಲಿ ಯಾರೋ "ವದ್ದಮ್ಮ, ಬ್ಯಾಡ, ನಿನ್ನ ಮನೆ ಕೂಸಿಗೇ ತಿರುಗ್ತೈತೆ" ಅಂತ ಕೂಗಿದರು. ಅವಳು ತಿರುಗಿ ನೋಡಲಿಲ್ಲ. ಸಿಸ್ಟರ್ ಪಕ್ಕದಲ್ಲಿ ಕೂತಳು.

"ಏಳು ತಲ್ಲಿ. ನಮ್ಮದು ನಮ್ಮ ಮನೆಗೇ ಇರ್ಲಿ. ನಿನ್ನ ಮಗಳ ಹೊಟ್ಟೆ ಮ್ಯಾಲೆ ಹಾಕಿ ನಾನು ಅನ್ನ ತಿನ್ನಕ್ಕಾಗಲ್ಲ."

"ನಿನ್ನ ಮೊಮ್ಮಗ..." ಅಂದರು ಸಿಸ್ಟರ್.

"ಹಾಲು ಕುಡದ್ನಂತಲ್ಲ. ಏಳು."

ಸಿಸ್ಟರ್ ಕಾಲು ಜೋಮು ಹಿಡಿದಿತ್ತು. ಅತ್ತೆಯ ಹೆಗಲು ಹಿಡಿದು ಎದ್ದರು. ನಾನು ಬೈಕು ತಿರುಗಿಸುವಷ್ಟರಲ್ಲಿ ಇನ್ನೊಬ್ಬ ಹೆಂಗಸು ಅಣಬೆ ದಾಟುತ್ತಿದ್ದಳು, ಅವಳ ಹಿಂದೆ ಇನ್ನೊಬ್ಬಳು. ಸಂಜೆಯ ಬಿಸಿಲಲ್ಲಿ ಅವರೆಲ್ಲ ಅತ್ತೆಯ ಸುತ್ತ ಒತ್ತಿಕೊಂಡು ಕೂತರು. ಮರುದಿನ ಅಣಬೆ ಬಾಡುವ ತನಕ ಅವರು ಅಲ್ಲೇ ಇದ್ದರು ಅಂತ ಆಮೇಲೆ ಕೇಳಿದೆ. ಹಟ್ಟಿಯ ಯಾವ ಕೂಸಿಗೂ ನೆಗಡಿ ಕೂಡ ಆಗಲಿಲ್ಲ. ಇದರಿಂದ ಕಣಕ್ಕೆ ಹೆದರುವುದನ್ನು ಬಿಟ್ಟರೇ ಅಂದರೆ, ಇಲ್ಲ, ಬಿಡಲಿಲ್ಲ.

ಡಾಂಬರು ರಸ್ತೆ ಮುಟ್ಟಿದ ಕೂಡಲೇ ಸಿಸ್ಟರ್ ಕೈಯಲ್ಲಿದ್ದ ಫೋನು ಒಂದರ ಹಿಂದೊಂದು ಸದ್ದು ಮಾಡಿತು. "ನಿಲ್ಲಿಸ್ರಿ," ಅಂದರು. ಮಗಳ ಮಿಸ್ಡ್ ಕಾಲ್‌ಗಳು. ನಾನು ಮಾಡಿದ್ದವನ್ನು ಬಿಟ್ಟರೆ, ಬೆಳಿಗ್ಗೆಯಿಂದ ಶುರುವಾಗಿ ಈಗಿನವರೆಗೂ ಪರದೆ ತುಂಬ ಅವೇ. ಅವರು ಇಳಿದು ಮೋರಿ ಕಟ್ಟೆಯ ಮೇಲೆ ಕೂತು ಅದನ್ನು ನೋಡಿದರು, ಒತ್ತಲಿಲ್ಲ. ಆಮೇಲೆ ಫೋನನ್ನು ನನ್ನ ಕಡೆ ಚಾಚಿದರು.

"ನೀವೇ ಕೇಳ್ರಿ. ನನ್ನ ಕೈಲಾಗಲ್ಲ."

ಒತ್ತಿದೆ, ಸ್ಪೀಕರಿಗೆ ಹಾಕಿದೆ. ಬಹಳ ಹೊತ್ತು ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದೆ. ಸಿಸ್ಟರ್ ಎರಡೂ ಕೈಯಲ್ಲಿ ಮೋರಿಯ ಅಂಚು ಹಿಡಿದುಕೊಂಡಿದ್ದರು. ಕೊನೆಗೆ ಎತ್ತಿದಳು.

"ಅವ್ವ, ಎಲ್ಲಿದ್ಯೇ? ಬೆಳಿಗ್ಗಿಂದ ಹೊಡೀತಿದೀನಿ. ಹುಣಸೆ ತೊಕ್ಕಿಗೆ ಮೆಂತ್ಯ ಹುರಿದು ಹಾಕ್ಬೇಕಾ, ಹಂಗೇ ಹಾಕ್ಬೇಕಾ?"

ನಾನು ಯಾರು ಅಂತ ಹೇಳಿದೆ. ಅವ್ವ ಇಲ್ಲೇ ಪಕ್ಕದಲ್ಲಿದ್ದಾರೆ ಅಂದೆ. ಮುಂದಿನದನ್ನು ಹೇಗೆ ಕೇಳುವುದೋ ತಿಳಿಯಲಿಲ್ಲ. ಪರರ ಮನೆಯ ಹೆಣ್ಣುಮಗಳನ್ನು ನನ್ನಂಥ ಮೇಷ್ಟ್ರು ಕೇಳುವ ಪ್ರಶ್ನೆಯಲ್ಲ ಅದು.

"ಕೂಸು ಅಲ್ಲಾಡ್ತೈತೇನಮ್ಮ?"

ಆ ಕಡೆ ಅವಳು ನಕ್ಕಳು. "ಅಲ್ಲಾಡೋದೇನು ಸಾರ್, ಒದೀತೈತೆ. ಮಲಗಕ್ಕೆ ಬಿಡ್ತಿಲ್ಲ. ಯಾಕ್ ಸಾರ್?"

ಸುಮ್ಮನೆ ಕೇಳಿದೆ, ಮೆಂತ್ಯ ಹುರಿದೇ ಹಾಕಮ್ಮ ಅಂತ ಏನೋ ಹೇಳಿ ಫೋನ್ ಇಟ್ಟೆ. ಸಿಸ್ಟರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನನಗೂ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಒಂದು ಟ್ರ್ಯಾಕ್ಟರು ಈರುಳ್ಳಿ ತುಂಬಿಕೊಂಡು ನಮ್ಮನ್ನು ದಾಟಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವ ತನಕ ಅವರು ಹಾಗೇ ಕೂತಿದ್ದರು. ಆಮೇಲೆ ಮುಖ ಒರೆಸಿಕೊಂಡರು.

"ಮೇಷ್ಟ್ರೇ."

"ಹೇಳ್ರಿ."

"ಇನ್ನೊಂದ್ಸಲ ಮಾಡ್ರಿ. ಇನ್ನೊಂದ್ಸಲ ಕೇಳ್ರಿ."